ಮೂರನೇ ಸೀಟು

ಗುದೈಬಿಯಾದ ಟಾಕೀಸಿನಲ್ಲಿ ಶುಕ್ರವಾರ ಬೆಳಿಗ್ಗೆ ಎಂಟೂವರೆಗೆ
ಒಂದೇ ಒಂದು ಆಟ, ಜುಮಾದೊಳಗೆ ಮುಗಿಯಬೇಕು.
ವಿಲ್ಮಾರ್ ತೌರೊನ ಮೊದಲ ಸಿನಿಮಾ,
ಅವನದೇ ಹದಿಮೂರನೇ ವಯಸ್ಸಿನ ಕಥೆಯಂತೆ.

ಹೋಗಬೇಡಿ ಎಂದು ಮೂರು ದಿನದಿಂದ ವಾಟ್ಸಾಪಿನಲ್ಲಿ ಅಪ್ಪಣೆ:
ಅವನು ಇಗರ್ಜಿಯನ್ನು ಬಿಟ್ಟವನಲ್ಲ, ನಮ್ಮನ್ನೂ ಬಿಟ್ಟವನಲ್ಲ,
ಹೆತ್ತ ತಾಯಿಯ ಮೂಲವ್ಯಾಧಿಯನ್ನು ಸ್ಟೇಜಿಗೆ ತಂದವನು.
ಹೋಗಿ ಎಂದವರೂ ಇದ್ದರು:
ಕೊಲ್ಲಿಯ ಬದುಕನ್ನು ಸೆಂಟು ಹಾಕದೆ
ತೋರಿಸಿದವನು ಅವನೊಬ್ಬನೇ.
ನಮ್ಮ ಪಕ್ಕದ ಫ್ಲ್ಯಾಟಿನಲ್ಲಿ ಗಂಡ ಹೀಗೆ, ಹೆಂಡತಿ ಹಾಗೆ;
ಎರಡು ದಿನ ಬೇರೆ ಬೇರೆ ಸಾರು.

ನಾನು ಸಿಟ್ಟಾಗಲೆಂದೇ ಹೊರಟವಳು.
ಬಾಪಾನನ್ನು ಕರೆದೊಯ್ಯುವ ಮನಸ್ಸಿರಲಿಲ್ಲ.
ಅವರು ಆಗಲೇ ಇಸ್ತ್ರಿಯ ಅಂಗಿ ಹಾಕಿ
ಲಿಫ್ಟಿನ ಹತ್ತಿರ ನಿಂತಿದ್ದರು.
"ಪೋಸ್ಟರಿನಲ್ಲಿ ನನ್ನ ಬಸ್ಸು ಉಂಟಲ್ವಾ."

ಇತ್ತು. ಹಳದಿ ಟಾಟಾ, ಇಪ್ಪತ್ತೊಂಬತ್ತನೇ ನಂಬರು.
ಜೂನಿನಲ್ಲಿ ರೆಕ್ಸಿನ್ ಸೀಟಿನಿಂದ ತೊಡೆಯನ್ನು
ಬ್ಯಾಂಡೇಜಿನ ಹಾಗೆ ಕಿತ್ತು ತೆಗೆಯಬೇಕಿದ್ದ ಬಸ್ಸು.

ಪರದೆಯ ಮೇಲೆ ಡ್ರೈವರ್ ಮೋನಾಕ ಬಂದ,
ಹೊಟ್ಟೆ ಮೊದಲು, ಅವನು ಆಮೇಲೆ.
ಅರಬಿ, ಹಿಂದಿ, ಬ್ಯಾರಿ, ಎಲ್ಲವನ್ನೂ ಒಂದೇ ಗೇರಿನಲ್ಲಿ ಓಡಿಸಿದ.
ಪೊಲೀಸನಿಗೆ ಸಲಾಂ ಹೇಳಲು ಎರಡೂ ಕೈ ಬಿಟ್ಟು
ಸ್ಟೇರಿಂಗನ್ನು ಹೊಟ್ಟೆಯಲ್ಲೇ ಹಿಡಿದ.
ಟಾಕೀಸು ಬಿದ್ದು ಬಿದ್ದು ನಕ್ಕಿತು.
ಮುಂದಿನ ಸಾಲಿನಿಂದ ಮೂವರು ಎದ್ದು ಹೋದರು,
ಹೋಗುವುದು ಎಲ್ಲರಿಗೂ ಕಾಣಲೆಂದು
ಪರದೆಗೆ ಅಡ್ಡವಾಗಿ, ನಿಧಾನಕ್ಕೆ.
ಒಬ್ಬರು ಪಾಪ್‌ಕಾರ್ನ್ ಮಾತ್ರ ಬಿಟ್ಟಿರಲಿಲ್ಲ.

ಬಾಪಾ ನನ್ನ ಕಿವಿಯಲ್ಲಿ: "ನನಗೆ ಅಷ್ಟು ಹೊಟ್ಟೆ ಇರಲಿಲ್ಲ."
ಸಲಾಮಿನ ವಿಷಯ ಎತ್ತಲಿಲ್ಲ.

ಇಂಟರ್ವಲ್ ಕಳೆದ ಮೇಲೆ ಅದು ಬಂತು.
ಸಿತ್ರಾ ಸೇತುವೆ, ಒಂದು ಗಂಟೆಯ ಟ್ರಾಫಿಕ್,
ಹುಡುಗ ಪ್ಯಾಂಟಿನಲ್ಲೇ ಉಚ್ಚೆ ಹೊಯ್ದುಕೊಳ್ಳುತ್ತಾನೆ.
ಕನ್ನಡಿಯಲ್ಲಿ ಮೋನಾಕನ ಕಣ್ಣು.
ಬಸ್ಸು ನಿಲ್ಲಿಸಿ, "ರೇಡಿಯೇಟರ್ ಒಡೀತು!" ಎಂದು ಬೊಬ್ಬೆ ಹೊಡೆದು
ಕ್ಯಾನಿನ ಅಷ್ಟೂ ನೀರನ್ನು ಚೆಲ್ಲಿದ,
ಹುಡುಗನ ಮೇಲೆ, ಐವತ್ತು ಮಕ್ಕಳ ಬೂಟಿನ ಮೇಲೆ,
ಹೋಂವರ್ಕಿನ ಮೇಲೆ, ತನ್ನ ಮೇಲೆ.
ನಗುತ್ತಿದ್ದ ಟಾಕೀಸು
ಯಾವಾಗ ನಿಲ್ಲಿಸಬೇಕೆಂದು ತಿಳಿಯದೆ
ಸ್ವಲ್ಪ ಹೊತ್ತು ಹಾಗೇ ನಗುತ್ತಿತ್ತು.

ನನಗೆ ಆ ದಿನ ನೆನಪಿತ್ತು, ಬೇರೆ ಕಾರಣಕ್ಕೆ.
ಸಂಬಳದಲ್ಲಿ ಹತ್ತು ದಿನಾರ್ ಕಡಿತ,
ನನ್ನ ಪಿಕ್ನಿಕ್ ಇಲ್ಲವಾಯಿತು,
ಎರಡು ದಿನ ನಾನು ಅವರ ಹತ್ತಿರ ಮಾತು ಬಿಟ್ಟಿದ್ದೆ.

ಮನೆಯಲ್ಲಿ, ಎಂದರೆ. ಬಸ್ಸಿನಲ್ಲಿ ಮಾತೇ ಇರಲಿಲ್ಲ.
ಆರನೇ ಕ್ಲಾಸಿನಲ್ಲಿ ಯಾರೋ ಕೇಳಿದ್ದರು,
ಆ ಡ್ರೈವರ್ ನಿನಗೆ ಗೊತ್ತಾ?
ನಾನು ಕಿಟಕಿಯ ಕಡೆ ತಿರುಗಿ, ಇಲ್ಲ.
ಮಾರನೇ ದಿನದಿಂದ ಬಾಪಾ ನನ್ನನ್ನೂ
ಎಲ್ಲ ಹುಡುಗಿಯರ ಹಾಗೆ "ಬೇಬಿ" ಎಂದರು.
ಕೊನೆಯವಳಾಗಿ ಇಳಿಸುತ್ತಿದ್ದರು, ಎಲ್ಲರೂ ಇಳಿದ ಮೇಲೆ.

ನನ್ನದು ಮೂರನೇ ಸೀಟು. ನಾಲ್ಕನೆಯದರಲ್ಲಿ ವಿಲ್ಮಾರ್.
ಅವನಿಗೆ ಎಲ್ಲ ಗೊತ್ತಿತ್ತು.

ಸಿನಿಮಾದ ಮೋನಾಕನಿಗೆ ಮಗಳೇ ಇಲ್ಲ.
ಮೂರನೇ ಸೀಟಿನಲ್ಲಿ ಯಾರೋ ದಪ್ಪ ಕನ್ನಡಕದ ಹುಡುಗ
ಕೊನೆಯವರೆಗೂ ನಿದ್ದೆ ಮಾಡುತ್ತಾನೆ.
ಯಾರನ್ನೂ ಬಿಡದವನು ನನ್ನನ್ನು ಬಿಟ್ಟುಬಿಟ್ಟಿದ್ದ.
ಹಾಗೆಂದರೆ ಮನ್ನಿಸಿದ್ದೋ, ಒರೆಸಿ ಹಾಕಿದ್ದೋ,
ಅವನನ್ನೇ ಕೇಳಬೇಕು. ಕೇಳಿದರೆ
ಮುಂದಿನ ಶೋದಲ್ಲಿ ನಾನು ಜೋಕಾಗುತ್ತೇನೆ.

ಹೊರಗೆ ಬಿಸಿಲು ಮುಖಕ್ಕೆ ರಾಚಿತು.
ಬಾಪಾ ಕಣ್ಣು ಕಿರಿದು ಮಾಡಿ, ಯಾರಿಗೋ ಎಂಬಂತೆ,
"ಮಗಳ ಪಾರ್ಟಿಗೆ ಹುಡುಗಿ ಸಿಕ್ಕಿರಲಿಕ್ಕಿಲ್ಲ" ಎಂದರು.

ಕಾರಿನ ಹಿಂದಿನ ಬಾಗಿಲಿಗೆ ಕೈ ಹಾಕಿದರು, ಎಂದಿನಂತೆ.
ಮುಂದೆ ಕೂರಿ ಬಾಪಾ, ಎಂದೆ,
ಪಾರ್ಕಿಂಗಿನಲ್ಲಿ ಇದ್ದವರೆಲ್ಲ ತಿರುಗುವಷ್ಟು ಜೋರಾಗಿ.
"ಬೊಬ್ಬೆ ಯಾಕೆ, ನನಗೆ ಕಿವಿ ಕೇಳ್ತದೆ"
ಎಂದರು, ಬೆಲ್ಟು ಹುಡುಕುತ್ತ.