ಐವತ್ತೊಂದರ ಆಚೆ

ಗ್ರಿಮ್ಸ್‌ಬಿಯ ಬಸ್ ನಿಲ್ದಾಣದ ಗಾಜಿನೊಳಗೆ
ಆರು ಪಾಯಿಂಟ್ ಒಂದು
ಆಳೆತ್ತರ ನಿಂತಿದೆ, ರಾತ್ರಿಯಿಡೀ ಅದಕ್ಕೆ ದೀಪ.
ಪಾದದ ಬಳಿ ಇರುವೆ ಸಾಲು.
ಮೀನು ಕಾರ್ಖಾನೆಯ ಪಾಳಿ ಮುಗಿಸಿ ಬಂದ ಮೊಯ್ರಾ ಟಕ್‌ವೆಲ್
ಕನ್ನಡಕ ಏರಿಸಿ, ಬಗ್ಗಿ ಓದುತ್ತಾಳೆ:
ಸಾಲ ಪಡೆದವರಲ್ಲಿ ನೂರಕ್ಕೆ ಐವತ್ತೊಂದು ಮಂದಿಗಾದರೂ
ಈ ದರ.

ಉಳಿದವರಿಗೆ?
ಇರುವೆಗಳು ಅಲ್ಲಿಗೇ ನಿಂತುಬಿಟ್ಟಿವೆ.

ಬೇಕಿದ್ದದ್ದು ಬಾಯ್ಲರಿಗೆ ಎರಡು ಸಾವಿರ ಪೌಂಡು.
ಅಡುಗೆಮನೆಯ ಮೇಜಿನ ಮೇಲೆ ಫೋನು
ಚಕ್ರ ತಿರುಗಿಸಿ ತಿರುಗಿಸಿ ಯೋಚಿಸಿದಂತೆ ನಟಿಸಿ
‘ಶುಭ ಸುದ್ದಿ, ಮೊಯ್ರಾ!’ ಎಂದಿತು.
ಇಪ್ಪತ್ತೇಳು ಪಾಯಿಂಟ್ ಒಂಬತ್ತು.
ಹೆಸರು ಹಿಡಿದು ಕರೆದದ್ದೇ ಹೆಚ್ಚು ಉರಿಯಿತು.

ಯಾಕೆಂದು ಯಾರೂ ಹೇಳಲಿಲ್ಲ.
ಎರಡು ಸಲ ಮನೆ ಬದಲಿಸಿದ್ದಕ್ಕೋ,
ತಾಯಿಯನ್ನು ಮಣ್ಣು ಮಾಡಿದ ವಾರ ಮರೆತುಹೋದ
ಹದಿನಾಲ್ಕು ಪೌಂಡಿನ ಬಿಲ್ಲಿಗೋ.

ಮರುದಿನ ಬಸ್ಸಿನಲ್ಲಿ ತಲೆ ಎಣಿಸಿದಳು.
ಹಸಿರು ಟೈ? ಇರಬಹುದು.
ನಾಯಿಗೂ ಕೋಟು ತೊಡಿಸಿದವಳು? ಖಂಡಿತ.
ಚಾಲಕ ಡೆಸ್ಮಂಡ್ ಕೆಮ್ಮಿದ.
ಪಾಪ, ಇವನು ನಮ್ಮ ಕಡೆಯವನೇ.

ಕನ್ನಡಿಯೊಳಗಿನ ಗಂಟಿಗೂ
ಕನ್ನಡಿಯ ಈಚೆ ಒಂದು ಗಂಟು ಇರಲೇಬೇಕು.
ಈ ಗಾಜಿಗೆ ಆ ಮರ್ಯಾದೆಯೂ ಇಲ್ಲ.

ಬಾಯ್ಲರ್ ಇನ್ನೂ ತಣ್ಣಗಿದೆ.
ಕೆಟಲಿನಲ್ಲಿ ಕಾಸಿದ ನೀರಿಗೆ ಮೈಯೊಡ್ಡಿ, ತಲೆ ಒರೆಸಿಕೊಳ್ಳುತ್ತಲೇ
ಓಡಿ ಬಂದಿದ್ದಾಳೆ ಮತ್ತೆ ಅದೇ ನಿಲ್ದಾಣಕ್ಕೆ.
ಹೊಸ ಅಡುಗೆಮನೆಯಲ್ಲಿ ನಗುತ್ತಲೇ ಇದೆ ಚಿತ್ರದ ಜೋಡಿ.
ಆ ಗಂಡಸನ್ನು ಎಲ್ಲೋ ನೋಡಿದ್ದೇನಲ್ಲ,
ಹಾಂ, ಹೋದ ವರ್ಷ, ಕೀಲುನೋವಿನ ಮುಲಾಮು ಹಿಡಿದು
ಇದೇ ನಗು.

‘ನಿನಗಾದರೂ ಕೊಟ್ಟರೇನಪ್ಪಾ?’
ಎಂದು ಕೇಳಿ
ಬಸ್ಸು ಬಂತೆಂದು ಕೈ ಎತ್ತಿದಳು.