ಎಡಗಡೆಯ ಬಟನ್

ದುರ್ಗಿಗುಡಿಯ ಅಡ್ಡರಸ್ತೆಯಲ್ಲಿ
ಗಿಲ್ಬರ್ಟ್ ಅಂಕಲ್ಲಿನ ಛತ್ರಿ ರಿಪೇರಿ ಅಂಗಡಿ.
ಹಿಂದೆ, ಗೋಣಿ ಪರದೆಯಾಚೆ,
ಒಂದು ಟಿ.ವಿ., ಒಂದು ಆಟದ ಡಬ್ಬಿ.
ಕಾಲು ಗಂಟೆಗೆ ಎರಡು ರೂಪಾಯಿ.
ಲೆಕ್ಕಕ್ಕೆ ಅಲಾರಂ ಗಡಿಯಾರ:
ಅದು ಬಡಿದುಕೊಂಡರೆ
ಡಿ.ಸಿ. ಮಗನಾದರೂ ಏಳಬೇಕು.

ರಿಮೋಟಿನ ಎಡಗಡೆಯ ಬಟನ್ ಸತ್ತಿತ್ತು.
ನಮ್ಮ ಪುಟ್ಟ ಮನುಷ್ಯ ಬಲಕ್ಕಷ್ಟೇ ಓಡುವವನು.
ಬಿಟ್ಟ ನಾಣ್ಯ ಬಿಟ್ಟಿದ್ದೇ.
"ಹೋಯ್ತು ಬಿಡೋ, ಮುಂದೆ ನೋಡು!"
ಬೆನ್ನ ಹಿಂದೆ ಕೂಗುವರು
ಮುಜೀಬ, ಪ್ರಾಣೇಶ, ಉಗ್ಗುವ ತೀರ್ಥ,
ಹಾಲಿನ ಪಾತ್ರೆ ಹಿಡಿದೇ ಬಂದು ನಿಲ್ಲುವ ಸುಗುಣ.
ಅವಳು ಒಂದು ಸಲವೂ ಆಡಲಿಲ್ಲ, ದುಡ್ಡಿರಲಿಲ್ಲ.
ಯಾವ ಹೊಂಡ ಎಲ್ಲಿ ಬರುತ್ತದೆಂಬುದು ಮಾತ್ರ
ಅವಳೊಬ್ಬಳಿಗೇ ಬಾಯಿಪಾಠ.

ನಾನು ಕದ್ದಿದ್ದೇನೆ.
ಕೊಬ್ಬರಿ ಎಣ್ಣೆಯ ಚಿಲ್ಲರೆಯಲ್ಲಿ ಎಂಟಾಣೆ,
ಮಂಗಳಾರತಿ ತಟ್ಟೆಯಿಂದ ಎರಡು ಸಲ.
ಜ್ವರ ಬಂದ ರಾತ್ರಿ ಅಮ್ಮ ಕೈ ಹಿಡಿದರೆ
ಹೆಬ್ಬೆರಳು ತಾನಾಗಿ ಅವಳ ಅಂಗೈ ಒತ್ತುತ್ತಿತ್ತು:
ಹಾರು, ಹಾರು.

ಈಗ ವಿನೋಬನಗರದ ಬಾಡಿಗೆ ಮನೆ,
ಹನ್ನೆರಡು ಕಂತಿನಲ್ಲಿ ತಂದ ಕಪ್ಪು ಯಂತ್ರ,
ಬಸ್ಸಿನ ಹಿಂಗಾಜಿನಷ್ಟು ಪರದೆ.
ಹುಲ್ಲಿನ ಎಸಳೆಸಳೂ ಅಲುಗುತ್ತದೆ,
ಗುಂಡು ತಾಗಿದರೆ ಅಂಗೈಯೇ ಅದುರುತ್ತದೆ.
ನಲವತ್ತೊಂದು ಆಟ;
ಮೂವತ್ತರ ಮೊದಲ ಬಾಗಿಲೂ ತೆರೆದಿಲ್ಲ.
ಕೊಳ್ಳುವ ಕ್ಷಣ ಏನೋ ಚುರುಕ್ ಎನ್ನುತ್ತದೆ,
ಡೌನ್‌ಲೋಡ್ ಮುಗಿಯುವಷ್ಟರಲ್ಲಿ ಆರಿರುತ್ತದೆ.
ಗೋಲಿ ಸೋಡಾದ ಸದ್ದು,
ಕುಡಿಯಲು ಬರೀ ನೀರು.
ಪಟ್ಟಿಯಲ್ಲೇ ಮೇಲೆ ಕೆಳಗೆ ಓಡಾಡಿ ಮಲಗುತ್ತೇನೆ.
ಅಲಾರಂ ಹೊಡೆಯುವುದಿಲ್ಲ.
ಏಳೋ, ನನ್ನ ಸರದಿ, ಎನ್ನುವವರಿಲ್ಲ.

ಕಪಾಟಿನಲ್ಲಿ
ಓಡುವ ಬೂಟು, ಓಡದ್ದು.
ಮೂರು ಹೆಡ್‌ಫೋನು, ಕಿವಿ ಎರಡೇ.
ಬ್ರೆಡ್ಡು ಮಾಡುವ ಯಂತ್ರ,
ನಮ್ಮನೆಯಲ್ಲಿ ಬ್ರೆಡ್ಡು ಜ್ವರ ಬಂದವರಿಗೆ ಮಾತ್ರ.
ಇವನ್ನೆಲ್ಲ ಬಯಸಿದವನು ಯಾರು?
ಅವನ ವಿಳಾಸ ಕೊಡಿ,
ರಸೀದಿಗಳು ನನ್ನ ಹತ್ತಿರ ಇವೆ.

ನಿನ್ನೆ ಯಂತ್ರ ಮಾರಿದೆ.
ಭದ್ರಾವತಿಯಿಂದ ಮಾವನ ಬೈಕಿನಲ್ಲಿ ಬಂದ ಹುಡುಗ,
ಮೀಸೆ ಇನ್ನೂ ಪೆನ್ಸಿಲ್ ಗೀಟು.
ನೋಟುಗಳು ಬೆಚ್ಚಗಿದ್ದವು,
ಹತ್ತರವು, ಇಪ್ಪತ್ತರವೂ ಇದ್ದವು.
ಡಬ್ಬಿ ಮುಟ್ಟುವ ಮೊದಲು
ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡ.
"ಎಲ್ಲಾ ಬಟನ್ ಕೆಲ್ಸ ಮಾಡುತ್ತಾ ಅಣ್ಣ?"
"ಎಡಗಡೇದೂ ಮಾಡುತ್ತೆ" ಎಂದೆ.
ಅರ್ಥವಾಗದೆ ನಕ್ಕ.
ಅವನ ಬೆರಳು ನಡುಗುತ್ತಿದ್ದವು.
ಆ ನಡುಕವನ್ನು ಎಷ್ಟಕ್ಕೆ ಕೊಡ್ತೀಯೋ ಮಾರಾಯ,
ಎಂದು ಕೇಳಲು ಹೊರಟ ನಾಲಿಗೆ ಕಚ್ಚಿಕೊಂಡೆ.

ಕತ್ತಲಾಗುವ ಮುಂಚೆ ಹೊಳೆ ಸೇತುವೆ ತನಕ ನಡೆದೆ.
ಕೆಳಗೆ ತುಂಗೆ,
ನಾನು ನಿಂತ ಕಡೆಯಿಂದ ನೋಡಿದರೆ
ಬಲಕ್ಕೆ ಹೋಗುತ್ತಿದ್ದಳು.
ಜೇಬಿನಲ್ಲಿ ಹುಡುಗನ ನೋಟು.
ಆಮೇಲೆ, ಸುಳ್ಳು ಯಾಕೆ,
ಫೋನು ತೆಗೆದು
ಗೇರಿನ ಸೈಕಲ್ಲುಗಳ ಬೆಲೆ ನೋಡುತ್ತಾ ನಿಂತೆ,
ಬೀದಿ ದೀಪ ಹತ್ತಿದ್ದೂ ಗೊತ್ತಾಗದೆ.