ನಿನ್ನೆ ರಾತ್ರಿ ಈ ಮನೆಯಲ್ಲಿ

ನಾನು ಜೀಪು ಓಡಿಸಿದವನು, ಓದಿದವನಲ್ಲ.
ಲಿಕೆಲೆಲಿ ಮೇಡಂ ಹಿಂದಿನ ಸೀಟಿನಲ್ಲಿ
ಕಾಗದದ ಕಟ್ಟುಗಳ ನಡುವೆ ಇಕ್ಕಟ್ಟಾಗಿ
ಮೂವತ್ತೊಂದು ವರ್ಷ ಲೆಸೊಥೊದ ಬೆಟ್ಟ ಹತ್ತಿ ಇಳಿದರು.
ನಮ್ಮ ಮಾತಿನಲ್ಲಿ ಅವರ ಹೆಸರಿಗೆ ಕಣ್ಣೀರು ಎಂದರ್ಥ.
ಅತ್ತದ್ದು ನಾನು ಕಂಡಿಲ್ಲ,
ಪೆನ್ಸಿಲ್ಲಿನ ಮೊನೆ ಮುರಿದಾಗ ಬೈದದ್ದು ಕೇಳಿದ್ದೇನೆ.

ಹೊಸ್ತಿಲು ಯಾವುದಾದರೂ ಪ್ರಶ್ನೆ ಅದೇ:
ನಿನ್ನೆ ರಾತ್ರಿ ಈ ಮನೆಯಲ್ಲಿ
ಯಾರು ಯಾರು ಮಲಗಿದ್ದರು?
ಹೆಂಗಸರು ಕಿರುಬೆರಳಿಂದ ಮಡಿಚುತ್ತ ಬರುವರು:
ನಾನು, ಅತ್ತೆ, ಮಕ್ಕಳಿಬ್ಬರು.
ಹೆಬ್ಬೆರಳು ಮಾತ್ರ ಹಾಗೇ ನಿಂತಿರುವುದು.
ಅವನು ವೆಲ್ಕಮ್ಮಿನ ಗಣಿಯಲ್ಲಿ.
ಗೈರುಹಾಜರಿಗೂ ಒಂದು ಕಾಲಂ ಇತ್ತು;
ಮೇಡಂ ಗಂಡಸರನ್ನು ಒಬ್ಬೊಬ್ಬರಾಗಿ ಅದರೊಳಗೆ ಇಳಿಸುವರು,
ಗಣಿಯ ಪಂಜರ ಇಳಿಸುವ ಹಾಗೆ.

ಲೆಕ್ಕಕ್ಕುಂಟು, ಒಲೆಗಿಲ್ಲ.

ದೊಡ್ಡ ಓದಿಗೆಂದು ಅವರೇ ನಾಲ್ಕು ವರ್ಷ ಕಡಲಾಚೆ ಹೋದರು.
ಆಗ ಬಂತು ಒಂದು ಗಣತಿ.
ಎಣಿಕೆಯ ಹುಡುಗನನ್ನು ಅವರ ತಾಯಿಯ ಅಂಗಳಕ್ಕೆ ನಾನೇ ಕರೆದೊಯ್ದೆ.
ಮುದುಕಿ ಹೆಬ್ಬೆರಳು ಎತ್ತಿ ಹಿಡಿದಳು:
ಬರಕೋ, ಅವಳು ಪುಸ್ತಕದ ಗಣಿಯಲ್ಲಿದ್ದಾಳೆ.

ಆಮೇಲೆ ಗಣಿಗಳು ಬಾಯಿ ಮುಚ್ಚಿದವು.
ಗಂಡಸರು ಕಂಬಳಿ, ಕೆಮ್ಮು, ಒಂದು ರೇಡಿಯೊ ಹೊತ್ತು ಬಂದರು.
ಹೆಂಗಸರು ಮಸೇರುವಿನ ಬಟ್ಟೆ ಕಾರ್ಖಾನೆಗೆ,
ಗಡಿಯಾಚೆ ಯಾರದೋ ಮಕ್ಕಳಿಗೆ ಸ್ನಾನ ಮಾಡಿಸಲಿಕ್ಕೆ.
ಈಗ ಹೊಸ್ತಿಲಲ್ಲಿ ನಿಂತು ಬೆರಳು ಮಡಿಚುವವನು ಗಂಡಸು,
ಅಭ್ಯಾಸವಿಲ್ಲದ ಕೈ,
ಕಿರಿಯ ಮಗುವಿನ ವಯಸ್ಸು ಅವನಿಗೆ ಗೊತ್ತಿಲ್ಲ.
ಮೇಡಂ ಪೆನ್ನು ಕೆಳಗಿಟ್ಟರು:
ನಾನು ಅರ್ಧ ಆಯುಷ್ಯ ತಪ್ಪು ಬಾಗಿಲಿಗೆ ಕಾದೆ, ಪುಲೆ.

ಸೆಂಕು ನದಿ ಉಕ್ಕಿ ದೋಣಿ ನಿಂತ ರಾತ್ರಿ
ಗಣತಿಯ ರಾತ್ರಿಯೂ ಆಗಿತ್ತು.
ಒಂದು ಡಬ್ಬಿ ಮೀನು, ಅರ್ಧ ಬ್ರೆಡ್ಡು.
ಅವರು ಹಿಂದಿನ ಸೀಟಿನಲ್ಲಿ, ನಾನು ಸ್ಟಿಯರಿಂಗಿಗೆ ಮೊಣಕಾಲು ಕೊಟ್ಟು.
ಬೆಳಿಗ್ಗೆ ಕೇಳಿದೆ: ನಮ್ಮನ್ನು ಯಾವ ಮನೆಗೆ ಬರೆಸೋಣ?
ಅವರು ನಕ್ಕ ನಗೆಗೆ ಕಿಟಕಿಯ ಗಾಜು ಮಬ್ಬಾಯಿತು.
ಬೇಡ ಬಿಡು, ಅಂದರು,
ದೇಶಕ್ಕೆ ಇಬ್ಬರು ಕಡಿಮೆ ಬಿದ್ದರೆ ಏನು ಮಹಾ.

ನಿವೃತ್ತಿಯ ದಿನ ಭಾಷಣಗಳು, ಹೂವು, ಇಸ್ತ್ರಿ ಮಾಡಿದ ಮಂತ್ರಿ.
ನಾನು ಹೊರಗೆ ಟೈರಿಗೆ ಗಾಳಿ ನೋಡುತ್ತಿದ್ದೆ.
ಅವರ ಕೊನೆಯ ಪುಸ್ತಕ ಮಗಳು ಓದಿ ಹೇಳಿದಳು,
ಬರೀ ಅಂಕಿ, ಗೆರೆ, ಬಾಣದ ಗುರುತು.
ಪುಟದಡಿ ಇರುವೆಗಾತ್ರದ ಅಕ್ಷರದಲ್ಲಿ ಒಂದು ಸಾಲು:
ಈ ಮೊತ್ತದಲ್ಲಿ ಇಬ್ಬರು ಸೇರಿಲ್ಲ.

ಯಾರಪ್ಪ ಅವರು, ಎಂದಳು ಮಗಳು.
ಇನ್ನೊಮ್ಮೆ ಓದು, ಅಂದೆ.